ಎರಡು ಕಿಲೋ

ಎರಡು ಕಿಲೋ, ಅಂದಳು ಡಾಕ್ಟರು,
ನನ್ನ ಕಿರಿಮಗಳಿಗಿಂತ ಚಿಕ್ಕವಳು.
ಅದಕ್ಕಿಂತ ಹೆಚ್ಚು ಎತ್ತಬೇಡಿ. ಬಾಗಬೇಡಿ. ಸೊಂಟ ತಿರುಚಬೇಡಿ.
ನಕ್ಕೆ. ಹೊಲಿಗೆ ಎಳೆಯಿತು.
ನಗುವುದನ್ನೂ ಬಿಟ್ಟೆ.

ಮೂವತ್ತೊಂದು ವರ್ಷ ಈ ಗುಡ್ಡದ ಒಲೆಗಳಿಗೆಲ್ಲ
ಬೆಂಕಿ ಹೊತ್ತು ತಂದವನು ನಾನು.
ಲಾರಿ ಕೆಳಗೇ ನಿಲ್ಲುತ್ತದೆ; ವಾಲ್ಪರೈಸೊದಲ್ಲಿ
ರಸ್ತೆ ಸೋತಲ್ಲಿ ಮೆಟ್ಟಿಲು ಶುರು.
ನಮ್ಮ ಓಣಿಗೆ ನೂರಾ ಅರವತ್ತಮೂರು.
ಹದಿನೈದು ಕಿಲೋ ಗ್ಯಾಸು, ಅಷ್ಟೇ ತೂಕದ ಕಬ್ಬಿಣ ಹೆಗಲ ಮೇಲೆ,
ಕೈಯಲ್ಲಿ ಸ್ಪ್ಯಾನರು.
ಇಳಿಯುವಾಗ ಖಾಲಿ ಸಿಲಿಂಡರಿಗೆ ಬಡಿದರೆ ಟಣ್ ಟಣ್ ಟಣ್,
ಕಿಟಕಿಗಳು ತಾವೇ ತೆರೆಯುತ್ತಿದ್ದವು.

ಈಗ ನನ್ನೊಳಗೆ ಆರು ತಿರುಪು, ಎರಡು ಸಲಾಕೆ.
ಎಕ್ಸ್‌ರೇ ಕೊಟ್ಟರು: ಕಪ್ಪಿನ ಮೇಲೆ ಬೆಳ್ಳಗೆ
ಒಂದು ಪುಟ್ಟ ಏಣಿ.
ಎರ್ಮೆಲಿಂದಾ ಅದನ್ನು ಬೆಳಕಿಗೆ ಹಿಡಿದು ನೋಡಿ
ಈ ಕೆಳಗಿನ ತಿರುಪು ಸೊಟ್ಟಗಿದೆ ಅಂದಳು.
ಪರದೆ ಹೊಲಿಯುವವಳು, ಅವಳ ಕಣ್ಣಿಗೆ
ನಮ್ಮ ಮದುವೆಯ ಫೋಟೋ ಕೂಡ ಸೊಟ್ಟವೇ.

ಹಾಸಿಗೆಯಿಂದ ಏಳುವುದು ಒಂದು ವಿದ್ಯೆ.
ಮೊದಲು ಮಂಡಿ ಮಡಿಸು.
ಆಮೇಲೆ ಭುಜ, ಸೊಂಟ, ಕಾಲು ಎಲ್ಲ ಒಂದೇ ಸಲ
ಕೊರಡಿನ ಹಾಗೆ ಹೊರಳು.
ಪಾದ ಕೆಳಗೆ ಬಿಡು, ಮೊಣಕೈ ಊರು, ಉಸಿರು ಬಿಡು.
ನಲವತ್ತು ಸೆಕೆಂಡು, ದಿನ ಒಳ್ಳೆಯದಿದ್ದರೆ.

ಹನ್ನೊಂದನೆಯ ರಾತ್ರಿ ನೆಲ ನಡುಗಿತು.
ಇಲ್ಲಿ ಅದೇನು ಹೊಸದಲ್ಲ.
ಕಪಾಟಿನೊಳಗೆ ಲೋಟಗಳು ಹಲ್ಲು ಕಡಿದವು,
ಬಲ್ಬು ತೂಗಿತು, ಗುಡ್ಡದ ನಾಯಿಗಳೆಲ್ಲ ಒಂದೇ ಮಾತು ಆಡಿದವು.
ಎರ್ಮೆಲಿಂದಾ ಬಾಗಿಲ ಚೌಕಟ್ಟಿನಲ್ಲಿ ನಿಂತು
ಏಳು ಮಾರಾಯಾ, ಏಳು!
ನಾನು ಮಂಡಿ ಮಡಿಸಿದೆ.
ಭುಜ, ಸೊಂಟ—
ಅಷ್ಟರಲ್ಲಿ ಭೂಮಿ ತನ್ನ ಕೆಲಸ ಮುಗಿಸಿತ್ತು.
ನಾನಿನ್ನೂ ಅರ್ಧ ಕೊರಡು.
ಅವಳು ಬರಿಗಾಲಲ್ಲಿ ಬಂದು ನನ್ನ ಬೆನ್ನ ಹಿಂದೆ ಕೂತಳು.
ನಕ್ಕೆವು, ಬಹಳ ಹುಷಾರಾಗಿ, ಹೊಟ್ಟೆ ಅಲ್ಲಾಡದಂತೆ.
ಅವಳದು ನಗುವಲ್ಲ ಎಂದು ತಿಳಿಯಲು
ಸ್ವಲ್ಪ ಹೊತ್ತು ಬೇಕಾಯಿತು.
ತಿರುಗಿ ನೋಡುವಂತಿರಲಿಲ್ಲ ನಾನು.

ಹಗಲೆಲ್ಲ ಕಿವಿಯೇ ಕೆಲಸ ಮಾಡುತ್ತದೆ.
ನನ್ನ ಓಣಿಗೆ ಈಗ ಯೆರ್ಕೊ ಬರುತ್ತಾನೆ, ಹತ್ತೊಂಬತ್ತರ ಹುಡುಗ.
ಮೂವತ್ತೆಂಟನೆಯ ಮೆಟ್ಟಿಲು ಮುರಿದಿದೆ, ಅಲ್ಲಿ ತಡೆಯುತ್ತಾನೆ.
ನೂರರ ಹತ್ತಿರ ನಿಂಬೆ ಗಿಡ, ಅಲ್ಲಿ ಕೂರಬೇಕು,
ಕೂರುವುದಿಲ್ಲ.
ಓಡುತ್ತಾನೆ, ಪಾಪಿ.

ನಿನ್ನೆ ನಮ್ಮ ಒಲೆಯೇ ಆರಿತು, ಕಾಳು ಅರ್ಧ ಬೆಂದು.
ಬಾಗಿಲಲ್ಲಿ ನಿಂತ, ಭಾರ ಎಡ ಹೆಗಲಿಗೆ, ಸೊಂಟ ಬಲಕ್ಕೆ ವಾಲಿ.
ನನ್ನದೇ ನಿಲುವು. ಯಾರೂ ಕಲಿಸಿದ್ದಲ್ಲ.
ನಾನು ಗೋಡೆ ಹಿಡಿದು ನಿಂತಿದ್ದೆ, ಹೊರಲಾಗದ ಅತಿಥಿ,
ನನ್ನ ಅಡುಗೆಮನೆಯಲ್ಲೇ.
ಹೆಗಲು ಬದಲಿಸು ಮಗಾ, ಅಂದೆ. ನಿಂಬೆ ಗಿಡದ ಹತ್ತಿರ ಕೂತುಕೋ.
ಆಗಲಿ ಮಾಯೆಸ್ತ್ರೊ, ಅಂದ ಅವನು,
ಇನ್ನೂ ಹದಿನೇಳು ಮನೆ ಇದೆ,
ಖಾಲಿಯದನ್ನು ಹೊಸಿಲಲ್ಲೇ ಮರೆತು ಇಳಿದುಹೋದ.

ಸಂಜೆ ಬೇಕರಿಯಿಂದ ಬಂದವಳು
ಬಿಸಿ ಬ್ರೆಡ್ಡಿನ ಚೀಲ ನನ್ನ ಕೈಗಿಟ್ಟಳು.
ಸರಿಯಾಗಿ ಒಂದು ಕಿಲೋ. ತೂಕ ನನಗೆ ಹೇಳಿಕೊಡಬೇಕಿಲ್ಲ.
ಎದೆಗೆ ಹಿಡಿದು ಮೇಜಿನವರೆಗೆ ಒಂಬತ್ತು ಹೆಜ್ಜೆ.
ಲೆಕ್ಕದಲ್ಲಿ ಇನ್ನೊಂದು ಕಿಲೋ ಉಳಿದಿತ್ತು.
ಮೊಳೆಯಲ್ಲಿ ನನ್ನ ಸ್ಪ್ಯಾನರು, ಮುಕ್ಕಾಲು ಕಿಲೋ ಇದ್ದೀತು.
ತೆಗೆದುಕೊಂಡೆ.
ಬಾಗದೆ, ತಿರುಚದೆ, ಹೊಸಿಲಿಗೆ ಹೋಗಿ
ಖಾಲಿ ಸಿಲಿಂಡರಿಗೆ ಒಂದೇ ಒಂದು ಸಲ—

ಎದುರು ಮನೆಯ ಕಿಟಕಿ ತೆರೆಯಿತು.