ಬಿಡಿ

ತಿಂಗಳ ಎರಡನೇ ತಾರೀಕು ಬರುತ್ತಾರೆ ಸಲ್ಡಾನ ಸರ್.
ಒಂದನೇ ತಾರೀಕು ಪಿಂಚಣಿ.
ಹಂಪನಕಟ್ಟೆಯ ನಮ್ಮ ಪ್ರೆಸ್ಸಿನ ಹನ್ನೊಂದು ಮೆಟ್ಟಿಲು ಹತ್ತಿ
ಉಸಿರು ಹಿಡಿದು, ಕೊಡೆ ಮಡಚಿ,
ಕಿಸೆಯಿಂದ ತೆಗೆಯುತ್ತಾರೆ ನಾಲ್ಕು ಮಡಿಕೆಯ ಹಾಳೆ:
ಕರಪತ್ರ. ಐನೂರು ಪ್ರತಿ. ತೆಳು ಕಾಗದ.
ಚೌಕಾಶಿ ಇಲ್ಲ. "ನೀನು ಹೇಳಿದ್ದು, ನಾನು ಒಪ್ಪಿದ್ದು, ಅದೇ ಬೆಲೆ.
ಮಧ್ಯೆ ಮೂರನೆಯವನಿಗೇನು ಕೆಲಸ?"

ಮೂವತ್ತನಾಲ್ಕು ವರ್ಷ ಸುಂಕದ ಕಚೇರಿಯಲ್ಲಿ
ಸೀಲು ಒತ್ತಿದ ಕೈ.
ಹಂಚಿಗೆ ಒತ್ತಿದೆ, ಗೋಡಂಬಿಗೆ ಒತ್ತಿದೆ, ಕಾಫಿಗೆ ಒತ್ತಿದೆ,
ಒಂದೊಂದು ಒತ್ತಿಗೂ ಒಂದು ಹಡಗು ಒಂದು ದಿನ ಕಾಯುತ್ತಿತ್ತು ಮಾರಾಯ್ತಿ,
ಕಾಯಿಸುವುದೇ ಸರ್ಕಾರ, ಅನ್ನುತ್ತಾರೆ.
ಈಗ ಅವರದು ಒಂದೇ ಮಾತು, ತಲೆಬರಹವೂ ಅದೇ, ದಪ್ಪ ಅಕ್ಷರದಲ್ಲಿ:
ಬಿಡಿ.
ಬೆಲೆಯನ್ನು ಬಿಡಿ, ಅದು ತಾನೇ ದಾರಿ ನೋಡಿಕೊಳ್ಳುತ್ತದೆ.
ದಕ್ಕೆಯಲ್ಲಿ ಬಂಗುಡೆಯ ಏಲಂ ಕೂಗುವಾಗ
ಯಾವ ಮಂತ್ರಿ ಬಂದು ನಿಲ್ಲುತ್ತಾನೆ ಬುಟ್ಟಿಯ ಪಕ್ಕ?
ಬಸ್ಸನ್ನು ನೋಡಿ. ಖಾಸಗಿ. ನಿಮಿಷಕ್ಕೊಂದು.
ಪರವಾನಗಿ ಬಿಡಿ, ಸುಂಕ ಬಿಡಿ, ಕನಿಷ್ಠ ಕೂಲಿಯ ಕಾನೂನು ಬಿಡಿ,
ಒಪ್ಪಿದ ಇಬ್ಬರನ್ನು ಅವರ ಪಾಡಿಗೆ ಬಿಡಿ.

ನಾನು ಟೈಪು ಮಾಡುತ್ತೇನೆ.
ನಿಮಿಷಕ್ಕೊಂದು ಬಸ್ಸು, ಹೌದು.
ರಾತ್ರಿ ಎಂಟೂವರೆಯ ಮೇಲೆ ನಮ್ಮ ಪದವಿಗೆ ಒಂದೂ ಇಲ್ಲ,
ಅದಕ್ಕೆ ಅವಸರ.
ಆ ಅವಸರದಲ್ಲೇ ಆದದ್ದು:
ಒಂದು ದೀರ್ಘ ಜಾಸ್ತಿ ಬಿದ್ದು
ತಲೆಬರಹ ಅಚ್ಚಾಯಿತು, ಐನೂರು ಪ್ರತಿ:
ಬೀಡಿ.

ಸರ್ ಬೈಯಲಿಲ್ಲ. ಕನ್ನಡಕ ತೆಗೆದು, ಒರೆಸಿ, ಹಾಕಿ,
"ನಿನ್ನ ಕೈಗೆ ಇದು ಹೇಗೆ ಬಂತು?" ಎಂದರು.
ಬರದೆ? ಅಮ್ಮನ ಮೊರದ ಪಕ್ಕ ಕೂತು ಅಕ್ಷರ ಕಲಿತವಳು.
ಎಲೆ ಕತ್ತರಿಸುವ ಸದ್ದಿನಲ್ಲಿ ನನ್ನ ಮಗ್ಗಿ,
ಹೊಗೆಸೊಪ್ಪಿನ ಘಾಟು ಪಿಯುಸಿ ಪುಸ್ತಕದಲ್ಲಿ ಇನ್ನೂ ಇದೆ.

ಹಾಳಾದ ಪ್ರತಿಗಳನ್ನು ಮನೆಗೆ ತಂದೆ.
ಅಮ್ಮ, ಕಲ್ಯಾಣಿ, ಏಳನೇ ಕ್ಲಾಸು,
ತಲೆಬರಹ ನೋಡಿ ತನಗೇ ಬರೆದದ್ದೆಂದು
ಕೊನೆತನಕ ಓದಿದಳು, ಬೆರಳು ನಿಲ್ಲಿಸದೆ.
ಆಮೇಲೆ ಕೇಳಿದಳು:
"ಒಪ್ಪಿದ ಇಬ್ಬರಲ್ಲಿ ನಾನು ಯಾವಾಗ ಒಪ್ಪಿದ್ದು?
ಸಾವಿರ ಬೀಡಿಗೆಂದು ಎಲೆ ಕೊಡುತ್ತಾನೆ ಲೋಕಯ್ಯಣ್ಣ,
ಎಂಟುನೂರಕ್ಕೆ ಮುಗಿಯುತ್ತದೆ; ಉಳಿದದ್ದು ನನ್ನ ದುಡ್ಡಲ್ಲಿ.
ನಿನ್ನ ಸರ್ ಹತ್ತಿರ ಕೇಳು."
ಮತ್ತೆ ತಾನೇ ನಕ್ಕಳು: "ಬೇಡ ಬಿಡು.
ಸುಂಕದವನ ಹತ್ತಿರ ಸುಖದುಃಖ!"

ಕೇಳಿದೆ. ಸರ್ ಹೇಳಿದರು, ತಡಮಾಡದೆ:
"ಬೇರೆ ಬ್ರಾಂಚಿಗೆ ಹೋಗಲಿ."
ಬೇರೆ ಬ್ರಾಂಚು ಲೋಕಯ್ಯಣ್ಣನ ಭಾವನದು, ಸರ್.
"ಅದರಾಚೆ?"
ಅದರಾಚೆ ಗುಡ್ಡೆ.

ನಗಬೇಡಿ ಅವರನ್ನು. ನಾನು ಕಂಡಿದ್ದೇನೆ:
ಸ್ಟೇಟ್‌ಬ್ಯಾಂಕಿನ ಬಳಿ ಪಾಲಿಕೆಯ ಲಾರಿ ಬಂದ ದಿನ
ಮೈಮೂನಾಳ ಗಾಡಿಯನ್ನು, ಉಪ್ಪುನೀರಿನ ನೆಲ್ಲಿಕಾಯಿ ಭರಣಿ ಸಮೇತ
ಎತ್ತಿ ಹಾಕುವಾಗ,
ಸಂಘದವರು ನಮ್ಮಲ್ಲಿ ಇನ್ನೂ ಬ್ಯಾನರು ಬರೆಸುತ್ತಿರುವಾಗ,
ಚಕ್ರದ ಮುಂದೆ ಕೊಡೆ ಬಿಡಿಸಿ ಕೂತುಬಿಟ್ಟರು ಸರ್,
ಎಪ್ಪತ್ತೊಂದರ ಮೊಣಕಾಲು ಮಡಚಿ.
"ಅವಳು ಮಾರುತ್ತಾಳೆ, ಇವರು ಕೊಳ್ಳುತ್ತಾರೆ. ನೀವು ಯಾರು?"
ಲಾರಿ ಹಿಂದೆ ಹೋಯಿತು, ಆ ದಿನ.
ಮೈಮೂನಾ ಈಗಲೂ ಅವರಿಂದ ದುಡ್ಡು ಮುಟ್ಟುವುದಿಲ್ಲ.
ಅದೇ ಅವರಿಗೆ ಸಂಕಟ:
ಪುಕ್ಕಟೆ ಎಂಬುದೇ ಲೋಕದಲ್ಲಿಲ್ಲ ಎಂದು
ಮೂರು ಕರಪತ್ರ ಬರೆದವರು.

ಈ ತಿಂಗಳು ಬಂದದ್ದು ಒಂಬತ್ತಕ್ಕೆ.
ಹಾಳೆಯಲ್ಲಿ ಗೀಟು, ಗೀಟಿನ ಮೇಲೆ ಗೀಟು.
ಕೂಲಿಯ ಮಾತಿದ್ದಲ್ಲಿ ನಾಲ್ಕು ಸಾಲು ಹೊಡೆದು
ಅಂಚಿನಲ್ಲಿ ನನಗೊಂದು ಸೂಚನೆ, ಅದೇ ಓರೆ ಅಕ್ಷರ:
ಇಲ್ಲಿ ಜಾಗ ಬಿಡಿ.
ಏನು ಬರುತ್ತದೆ ಸರ್ ಇಲ್ಲಿ?
"ಗೊತ್ತಿಲ್ಲ. ಖಾಲಿಯೇ ಅಚ್ಚು ಮಾಡು. ದರ ಅದೇ ತಾನೆ?"

ಅದೇ. ಖಾಲಿಗೂ ಕಾಗದ ಬೇಕಲ್ಲ.
ಅಮ್ಮ ಆ ಜಾಗದಲ್ಲಿ ಪೆನ್ಸಿಲು ಹಿಡಿದು
ಈ ವಾರ ಕಮ್ಮಿ ಬಂದ ಎಲೆಯ ಲೆಕ್ಕ
ಬರೆದಿಟ್ಟಿದ್ದಾಳೆ.