ಭರಣಿ ನಂಬರ್ ನಲವತ್ತೊಂದು

ಲೇಬಲ್ಲಿನಲ್ಲಿ ಉಳಿದಿರುವುದು ಎರಡೇ ಮಾತು:
‘ಕಾಡು’, ‘ದ್ವೀಪ’.
ಯಾವ ದ್ವೀಪ ಎಂಬಲ್ಲಿ ಶಾಯಿ ಕದಡಿ
ಒಂದು ನೀಲಿ ಕಲೆ.

ಹಾಸನದ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ
ಇಪ್ಪತ್ತೆಂಟು ವರ್ಷ ಅದರ ನೀರು ಬದಲಿಸಿದವನು ನಾನು.
ನೀರಲ್ಲ, ಫಾರ್ಮಲಿನ್. ಆದರೂ ಬಾಯಿಗೆ ಬರುವುದು ನೀರೆಂದೇ,
ಹಿತ್ತಲ ಗಿಡಕ್ಕೆ ಹೊಯ್ದ ಹಾಗೆ.
ರಾತ್ರಿ ಮುದ್ದೆ ಮುರಿಯುವಾಗ ಬೆರಳಲ್ಲಿ ಅದೇ ಘಾಟು;
‘ಸತ್ತದ್ದನ್ನ ಮುಟ್ಟಿದ ಕೈ’ ಎಂದು
ಸಾರಿನ ಬಟ್ಟಲು ಅತ್ತ ಸರಿಸುವಳು ಕೆಂಪಮ್ಮ,
ಆಮೇಲೆ ತಾನೇ ಹುಣಸೆಹಣ್ಣು ತಂದು ತಿಕ್ಕುವಳು.

ವಾರಿಜಾ ಮೇಡಂ ಪ್ರತಿ ಜುಲೈ ಹೊಸ ಮಕ್ಕಳಿಗೆ ಹೇಳುತ್ತಿದ್ದರು:
ಇದು ಒಂದೇ ಒಂದು ದ್ವೀಪದ ಓತಿ,
ಅಲ್ಲಿ ಬಿಟ್ಟರೆ ಭೂಮಿಯ ಮೇಲೆ ಎಲ್ಲೂ ಇಲ್ಲ.
ಕಿಟಕಿ ಒರೆಸುತ್ತ ನಾನು ಮನಸ್ಸಿನಲ್ಲೇ:
ಇಲ್ಲೊಂದು ಇದೆಯಲ್ಲ ಮೇಡಂ,
ಬಿ.ಎಂ. ರಸ್ತೆಯಿಂದ ಕೂಗಳತೆಯಲ್ಲಿ,
ಮೂರನೇ ಬೀರು, ಮೇಲಿನ ಹಲಗೆ.

ಗೋಡೆಯ ಹಲ್ಲಿಗೆ ಮಾತುಂಟು.
‘ಈ ತಿಂಗಳು ಸಂಬಳ ಬೇಗ’ ಎಂದು ಯಾರಾದರೂ ಅಂದರೆ
ಟ್ಯೂಬ್‌ಲೈಟಿನ ಹಿಂದಿನಿಂದ ಲೊಚ್ ಲೊಚ್,
ನಾವೆಲ್ಲ ಮೇಜು ಕುಟ್ಟಿ ‘ಕೃಷ್ಣ ಕೃಷ್ಣ’.
ಇದು ತನ್ನ ಕಾಡಿನಲ್ಲಿ ಯಾವ ಮಾತಿಗೆ ಹೂಂಗುಟ್ಟಿತ್ತೋ,
ಯಾವುದಕ್ಕೆ ಸುಮ್ಮನಿತ್ತೋ.
ಬಾಯಿ ಅರೆ ತೆರೆದಿದೆ ಇನ್ನೂ,
ಹಲ್ಲು ಎಣಿಸಬಹುದು, ಅಕ್ಕಿನುಚ್ಚು.

ಹೊಸ ಕಟ್ಟಡಕ್ಕೆ ಸಾಮಾನು ಸಾಗಿಸಿದ ದಿನ
ಆಲೂಗಡ್ಡೆ ಮೂಟೆ ಹೊರುವ ಹುಡುಗರು ಬಂದಿದ್ದರು.
ಮೆಟ್ಟಿಲ ತಿರುವಿನಲ್ಲಿ ಭರಣಿ ಜಾರಿತು.
ಗಾಜು, ಘಾಟು, ಕಣ್ಣುರಿ.
ಅದು ಬಿದ್ದದ್ದು ನನ್ನ ಎಡಪಾದದ ಮೇಲೆ,
ತಣ್ಣಗೆ, ನೆನೆದ ಚಪ್ಪಲಿಯ ಬಾರಿನಂತೆ.
ಬಾಲ ಇದ್ದ ಹಾಗೇ ಇತ್ತು;
ಜೀವವಿದ್ದಿದ್ದರೆ ಬಾಲ ನನಗೆ ಬಿಟ್ಟು ಓಡುತ್ತಿತ್ತು.

ಮನೆಗೆ ಬಂದು ಪಂಚಾಂಗದ ಕೊನೆಯ ಹಾಳೆ ತೆಗೆದೆ:
ಪಾದದ ಮೇಲೆ ಬಿದ್ದರೆ ಪ್ರಯಾಣ.
ಯಾರಿಗೆ ಎಂದು ಬರೆದಿರಲಿಲ್ಲ.

ಸಮುದ್ರ ನಾನು ನೋಡಿಲ್ಲ.
ಸ್ಟೇಷನ್ನಿನಲ್ಲಿ ಮಂಗಳೂರಿನ ರೈಲು ನಿಂತಾಗ
ಒಂದೆರಡು ಸಲ ಬಾಗಿಲ ಸರಳು ಮುಟ್ಟಿದ್ದೇನೆ, ಅಷ್ಟೆ.

ಹೊಸ ಭರಣಿಗೆ ಇಂಡೆಂಟ್ ಹಾಕಿದರೆ ಬರುವುದು ಮುಂದಿನ ಮಾರ್ಚಿಗೆ.
ಮಾರನೇ ಬೆಳಿಗ್ಗೆ ಕೆಂಪಮ್ಮ
ಉಪ್ಪಿನಕಾಯಿಯ ಗಾಜಿನ ಜಾಡಿ ತೊಳೆದು, ಬಿಸಿಲಿಗಿಟ್ಟು,
ಊಟದ ಚೀಲದ ಪಕ್ಕ ಇಟ್ಟಿದ್ದಳು.
ಒಂದು ಮಾತಾಡಲಿಲ್ಲ.
ನಾನು ಗೇಟು ದಾಟಿದ ಮೇಲೆ ಕೂಗಿದಳು,
‘ಮುಚ್ಚಳ ಸ್ವಲ್ಪ ಸಡಿಲ. ದಾರ ಸುತ್ತಿ.’