ತಂಪು ಪೆಟ್ಟಿಗೆ

ಅವ್ವ ಹೋದದ್ದು ಮೇ ತಿಂಗಳ ನಡುಮಧ್ಯಾಹ್ನ,
ಶಹಾಬಾದಿನ ಹಾಸುಗಲ್ಲು ಅಂಗಾಲು ಸುಡುವ ಹೊತ್ತು.
ತಂಗಿ ಸೂರತ್ತಿನಿಂದ ಹೊರಟಿದ್ದಳು,
ಮರುದಿನ ಬೆಳಗಿನ ತನಕ ರೈಲಿನಲ್ಲೇ.
ಐಸಿಗೆಂದು ಸೋಡಾ ಅಂಗಡಿಗೆ ಓಡಿದ ಹುಡುಗ
ಮನೆ ಮುಟ್ಟುವಷ್ಟರಲ್ಲಿ ಅರ್ಧ ಬಕೆಟ್ ನೀರು.

ನಮ್ಮ ಸಮಾಜಕ್ಕೆ ಕಲ್ಯಾಣ ಮಂಟಪವಿದೆ,
ಸಾವಿರ ಜನಕ್ಕೆ ಬೇಯಿಸುವ ಹಂಡೆಗಳಿವೆ,
ವಿದ್ಯಾನಿಧಿ ಇದೆ; ಇಪ್ಪತ್ತೆರಡು ವರ್ಷದಿಂದ
ಅದರ ಲೆಕ್ಕ ಬರೆಯುವವಳು ನಾನೇ.
ಹೆಣ ಇಡುವ ಪೆಟ್ಟಿಗೆ ಮಾತ್ರ
ಯಾರ ತಲೆಗೂ ಹೊಳೆದಿರಲಿಲ್ಲ.

"ಮಸೂತ್ಯಾಗ ಅದ" ಎಂದಳು ಎದುರುಮನೆ ಸುಗಲಮ್ಮ.
"ಅವರ ಪೆಟ್ಟಿಗ್ಯಾಗಾ?" ಎಂದ ಮಾವ.
ಯಾರೂ ಉತ್ತರಿಸಲಿಲ್ಲ. ನೊಣ ಓಡಿಸುತ್ತಿದ್ದ ಟವೆಲ್ಲು
ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು.

ಲಾಲಸಾಬ ಪಟವೇಗಾರ ಟಂಟಂನಲ್ಲಿ ತಂದ.
ನೆಲದ ಏರುತಗ್ಗಿಗೆ ರಟ್ಟು ಮಡಚಿ ಸಿಕ್ಕಿಸಿದ,
ರಿಜಿಸ್ಟರ್ ತೆರೆದು ಪೆನ್ನು ಕೊಟ್ಟ.
ತೀರಿಕೊಂಡವರ ಹೆಸರು. ಓಣಿ. ಯಾವ ಜಮಾತು.
ಮೂರನೆಯ ಖಾನೆಯಲ್ಲಿ ಕೈ ನಿಂತಿತು.
ಅಂಥ ಖಾನೆಯ ಮುಂದೆ ಎಷ್ಟು ಮಂದಿಯನ್ನು
ನಿಲ್ಲಿಸಿಟ್ಟವಳು ನಾನು!
"ಅದು ಬಿಡ್ರೀ, ಛಾಪಿಸಿದಾಂವ ಹಾಕ್ಯಾನ."
ಮೇಲಿನ ಸಾಲುಗಳಲ್ಲೂ ಅದು ಬಹುಪಾಲು ಖಾಲಿ.

ಬಾಡಿಗೆ ಕೇಳಿದೆ. ಇಲ್ಲ ಅಂದ.
ಎಲ್ಲರಿಗೂ ಕೊಡ್ತೀರೇನು, ಕೇಳಿದೆ.
"ಎರಡು ಜುಮ್ಮಾ ಜಗಳ ಆಗ್ಯದ್ರೀ ಇದರ ಸಲುವಾಗಿ.
ಚಂದಾ ನಮ್ದು, ಪೆಟ್ಟಗಿ ನಮ್ದು ಅಂದ್ರು ಕೆಲವರು.
ಒಬ್ಬ ಮುದುಕ ಎದ್ದು, ಬ್ಯಾಸಿಗಿ ಯಾರ್ದು ಅಂತ ಕೇಳ್ದ.
ಆದ್ರೂ ಇಬ್ರು ಕಮಿಟಿ ಬಿಟ್ರು.
ಇನ್ನಾ ನನಗ ಮಾತಾಡ್ಸಂಗಿಲ್ಲ."
ಪ್ಲಗ್ ಒತ್ತಿ, ದೀಪ ಹತ್ತಿತೇ ಎಂದು ಬಗ್ಗಿ ನೋಡಿದ.
"ನಮಗಿದು ಕಮ್ಮಿನೇ ಬೇಕಾಗ್ತದ್ರೀ,
ಝಟ್ಟನೆ ಮಣ್ಣು ಮಾಡ್ತೀವಿ."

ರಾತ್ರಿ ಅದರ ಗುಂಯ್ ಸದ್ದಿನ ಪಕ್ಕ ಕೂತಾಗ
ಕೆಟ್ಟ ಯೋಚನೆಯೊಂದು ಬಂತು, ಬರೆದೇಬಿಡುತ್ತೇನೆ:
ತಮಗೆ ಬೇಡವಾದದ್ದನ್ನು ಕೊಡುವುದೇನು ದೊಡ್ಡದು?
ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ, ನನ್ನ ಕಡೆ ತಿರುಗಿತು:
ನಮಗೆ ಬೇಡವಾದದ್ದನ್ನಾದರೂ ಯಾರಿಗೆ ಕೊಟ್ಟೆವು?
ಪ್ರತಿ ಮಾರ್ಚಿಗೆ ಮಿಕ್ಕ ಹಣ
ಠೇವಣಿಗೆ ಸೇರಿತು, ನನ್ನದೇ ಅಕ್ಷರದಲ್ಲಿ.

ಪೆಟ್ಟಿಗೆಯ ಕೆಳಗಿನ ಕಲ್ಲು ಬೆವರುತ್ತಿತ್ತು.
ಸೀಳಿದ ಕೈ ಯಾವುದೋ.
ಖಣಿಯ ಯಂಕೋಬನ ಮಗಳು ದುರುಗಮ್ಮ ನೆನಪಾದಳು,
ನರ್ಸಿಂಗಿಗೆ ಸೀಟು ಸಿಕ್ಕು
ಮೊದಲ ಕಂತಿಗೆ ದುಡ್ಡಿಲ್ಲದೆ
ನಮ್ಮ ನಿಧಿಗೆ ಅರ್ಜಿ ಹಾಕಿದವಳು.
ಕಲಂ ಏಳು: ಸಮಾಜ ಬಾಂಧವರಿಗೆ ಮಾತ್ರ.
ಅರ್ಜಿಯ ಮೇಲಿನ ಕೆಂಪು ಗೀಟು ನನ್ನದು.
ಗೀಟು ಎಳೆದು ಚಹಾ ಕುಡಿದದ್ದೂ ನೆನಪಿದೆ.

ತಂಗಿ ಬಂದಳು. ಮುಖ ನೋಡಿದಳು. ಆಯಿತು.
ಪೆಟ್ಟಿಗೆ ವಾಪಸು ಹೋಗುವ ಮುನ್ನ
ಮಾವನೇ ಒಣ ಬಟ್ಟೆ ಹಿಡಿದು ಗಾಜು ಒರೆಸಿದ,
ಮೂಲೆ ಮೂಲೆ, ಯಾರೂ ಹೇಳದೆ.
ಆಮೇಲೆ ಕೈಯನ್ನೂ ತೊಳೆದುಕೊಂಡ, ಎರಡು ಸಲ.

ದಿನಕರ್ಮ ಮುಗಿಸಿ ಆಫೀಸಿಗೆ ಹೋದೆ.
ಅಧ್ಯಕ್ಷರು ಅಡಕಿ ಮೆಲ್ಲುತ್ತ ಪೂರ್ತಿ ಕೇಳಿದರು.
"ಬೈಲಾ ತಿದ್ದೋದಂದ್ರ ಹುಡುಗಾಟ ಅಲ್ಲವಾ."
ನಡಾವಳಿಯಲ್ಲಿ ಬರೆದೆ: ಮುಂದಿನ ಸಭೆಗೆ.

ಸಂಜೆ ಬೀರು ತೆಗೆದು ದುರುಗಮ್ಮನ ಅರ್ಜಿ ಹುಡುಕಿದೆ.
ತಿರಸ್ಕೃತ ಕಟ್ಟಿನಲ್ಲಿ ಹಾಗೇ ಇತ್ತು,
ಉತ್ತರಕ್ಕೆಂದು ಆಕೆ ಲಗತ್ತಿಸಿದ ಲಕೋಟೆ ಸಮೇತ:
ಐದು ರೂಪಾಯಿಯ ಅಂಚೆಚೀಟಿ, ದುಂಡಗೆ ಬರೆದ ತನ್ನ ವಿಳಾಸ.
ಇಲ್ಲ ಎಂದು ಹೇಳಲಿಕ್ಕೂ ನಾವದನ್ನು ಬಳಸಿರಲಿಲ್ಲ.
ಒಂಬತ್ತು ಬೇಸಿಗೆ ಕಂಡ ಲಕೋಟೆ;
ಸೆಕೆಗೆ ಅಂಟು ಕರಗಿ
ಖಾಲಿಯಿದ್ದಂತೆಯೇ ತಾನಾಗಿ ಮುಚ್ಚಿಕೊಂಡಿತ್ತು.